ಮಲೆನಾಡಿನ ಬಿಸಿಲಿನ ಲೆಕ್ಕ

(ಆನಂದಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕಾವ್ಯಕ್ಕೂ ಶಾಸ್ತ್ರಕ್ಕೂ ಧರ್ಮವಿಚಾರಕ್ಕೂ ಬಹುಮಟ್ಟಿಗೆ ಮೀಸಲಾಗಿರುವ ದತ್ತಿ ಉಪನ್ಯಾಸದ ವೇದಿಕೆಯಿಂದ, ಶಾಲೆಯ ಹುಡುಗ ಹುಡುಗಿಯರು ಸೂರ್ಯಶಕ್ತಿಯನ್ನು ಕುರಿತು ತಮ್ಮ ಕೈಯಾರೆ ಮಾಡಿ ನೋಡತಕ್ಕ ಪ್ರಯೋಗಗಳ ವಿಷಯವಾಗಿ ಮಾತನಾಡಲು ಅವಕಾಶವಿತ್ತ ನಿಮ್ಮ ಔದಾರ್ಯಕ್ಕೆ ನಾನು ಕೃತಜ್ಞನಾಗಿದ್ದೇನೆ. ಇಂಥ ವಿಷಯ ಕನ್ನಡದ ವೇದಿಕೆಗೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು, ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ಅನಂತರ ‘ವಿಜ್ಞಾನ ಪ್ರಪಂಚ’ವನ್ನೂ ಬರೆದುಕೊಟ್ಟರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ವನ್ನು ಓದಿ ಬೆಳೆದವರು ಈ ಸಭೆಯಲ್ಲಿಯೇ ಕೆಲವರು ಇದ್ದಾರು. ಆ ಹಿರಿಯರು ಕಡಿದ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದಷ್ಟೇ ಇಂದಿನ ನನ್ನ ಉದ್ದೇಶ.

ಈ ಮಾತನ್ನು ಆನಂದಪುರದಲ್ಲಿ ನಿಂತು ಹೇಳುವುದಕ್ಕೆ ವಿಶೇಷವಾದ ಔಚಿತ್ಯವೊಂದುಂಟು. ನಮ್ಮ ಸಾಗರ ಹೊಸನಗರಗಳ ಸೀಮೆ ನಾಡಿಗೆ ಬೆಳಕನ್ನು ಕೊಟ್ಟ ಸೀಮೆ. 1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ತಮ್ಮ ತೋಟ, ಗದ್ದೆ, ದೇವಸ್ಥಾನ, ಹಿರಿಯರ ಸಮಾಧಿಗಳನ್ನು ಮುಳುಗಿಸಿಕೊಂಡು ಎದ್ದುಬಂದ ಸಂಸಾರಗಳಲ್ಲಿ ಎಷ್ಟೋ ಮಂದಿ, ತಾವು ಹೊಸದಾಗಿ ನೆಲೆಸಿದ ಕಾಡಂಚಿನ ಹಳ್ಳಿಗಳಲ್ಲಿ, ತಮ್ಮ ನೀರಿನಿಂದ ಹುಟ್ಟಿದ ವಿದ್ಯುತ್ತು ತಮ್ಮ ಮನೆಯ ಮೇಲಿನಿಂದಲೇ ದೂರದ ಪಟ್ಟಣಗಳಿಗೆ ಹರಿದುಹೋಗುವುದನ್ನು ನೋಡುತ್ತ, ಬಹುಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲಿಯೇ ಮಕ್ಕಳನ್ನು ಓದಿಸಿದರು. ಈ ನೋವಿನ ಇತಿಹಾಸ ನಮ್ಮ ಮಕ್ಕಳಿಗೆ ತಿಳಿದಿರಬೇಕು. ಶರಾವತಿಯ ವಿದ್ಯುತ್ತೂ ಮೂಲತಃ ಸೂರ್ಯನದೇ ಎಂಬ ತತ್ತ್ವವೂ ಅದರ ಜೊತೆಯಲ್ಲಿಯೇ ತಿಳಿಯಬೇಕು. ಅರಬ್ಬೀ ಸಮುದ್ರದ ನೀರನ್ನು ಆವಿಯಾಗಿಸಿ ಮೇಲಕ್ಕೆತ್ತಿ, ಅದನ್ನು ಸಹ್ಯಾದ್ರಿಯ ನೆತ್ತಿಯವರೆಗೆ ತರುವ ಕೆಲಸವನ್ನು ಸೂರ್ಯನು ಮಾಡದಿದ್ದರೆ, ಲಿಂಗನಮಕ್ಕಿಯಲ್ಲಿ ಬೀಳತಕ್ಕ ನೀರೂ ಇಲ್ಲ, ತಿರುಗತಕ್ಕ ಚಕ್ರವೂ ಇಲ್ಲ. ಒಂದು ಬಿಸಿಲನ್ನು ನದಿಯ ಮೂಲಕ ದೊಡ್ಡ ಯಂತ್ರಗಳಲ್ಲಿ ಹಿಡಿದವರು ನಾವು. ಇನ್ನೊಂದನ್ನು ಮನೆಯ ಮಾಡಿನ ಮೇಲೆ ನೇರವಾಗಿ ಹಿಡಿಯುವ ವಿದ್ಯೆ ಈಗ ನಮ್ಮ ಮಕ್ಕಳ ಮುಂದಿದೆ.

ಆ ವಿದ್ಯೆಯ ಚರಿತ್ರೆಯನ್ನು ದೀರ್ಘವಾಗಿ ಹೇಳುವ ಕಾಲವಿದಲ್ಲ. 1767ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ಪಂಡಿತನು ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಮಾಡಿ ಅದರೊಳಗಿನ ತಾಪವನ್ನು ಕುದಿಯುವ ನೀರಿನ ತಾಪಕ್ಕಿಂತಲೂ ಮೇಲಕ್ಕೇರಿಸಿದನು. ಇಂದಿನ ಸೌರ ಒಲೆಯ ಪೂರ್ವಜ ಅದೇ. ನಮ್ಮ ದೇಶದಲ್ಲಿಯೇ, ಮುಂಬಯಿಯ ಹೈಕೋರ್ಟಿನಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಆಡಮ್ಸ್ ಎಂಬಾತನು ಕನ್ನಡಿಗಳನ್ನು ಜೋಡಿಸಿ ಬಿಸಿಲಿನಿಂದ ಹಬೆಯ ಎಂಜಿನನ್ನು ನಡೆಸಿ, ಉಷ್ಣದೇಶಗಳಲ್ಲಿ ಸೌದೆ ಕಲ್ಲಿದ್ದಲುಗಳಿಗೆ ಬದಲಾಗಿ ಸೂರ್ಯನ ಶಾಖವನ್ನು ಬಳಸಬಹುದೆಂದು 1878ರಲ್ಲಿ ಪುಸ್ತಕವನ್ನೇ ಬರೆದನು. ಬೆಳಕು ಬಿದ್ದಾಗ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಕಂಡ ಫ್ರಾನ್ಸಿನ ಎಡ್ಮಂಡ್ ಬೆಕರೆಲ್‌ಗೆ ಆಗ ಹತ್ತೊಂಬತ್ತು ವರ್ಷ. ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಕಾಲೇಜಿನ ವಿದ್ಯಾರ್ಥಿಗಳ ವಯಸ್ಸು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮಾಡಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲನ್ನು ಮಾತ್ರ ವಿದ್ಯುತ್ತನ್ನಾಗಿ ಮಾಡುತ್ತಿತ್ತು; ಇಂದು ಮನೆಗಳ ಮೇಲೆ ಹಾಕುವ ಒಳ್ಳೆಯ ಫಲಕಗಳು ಇಪ್ಪತ್ತು ಪಾಲನ್ನು ಮುಟ್ಟುತ್ತವೆ. ಇಷ್ಟು ಸಾಕು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ. ಸೌರಶಕ್ತಿಯ ಶಿಕ್ಷಣವು ಆಯಾ ಊರಿನ ಬಿಸಿಲನ್ನು ಆಯಾ ಊರಿನ ಮಕ್ಕಳೇ ಅಳೆದು ಬರೆದಿಡುವುದರಿಂದ ಮೊದಲಾಗಬೇಕು. ಪಾವಗಡದ ಬಯಲಿನಲ್ಲಿ 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ಅದು ನಾಡಿನ ಹೆಮ್ಮೆ. ಆದರೆ ಪಾವಗಡದ ಬಿಸಿಲಿನ ಅಂಕಿಗಳನ್ನು ತಂದು, ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೇ ಕಾಣದ ನಮ್ಮ ಮಲೆನಾಡಿನ ಮನೆಯ ದೀಪಕ್ಕೆ ಲೆಕ್ಕ ಹಾಕಿದರೆ, ಆ ದೀಪ ಆಷಾಢದಲ್ಲಿ ಕೈಕೊಡುವುದರಲ್ಲಿ ಸಂಶಯವಿಲ್ಲ. ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳನ್ನು ನಾನು ಆದರದಿಂದ ನೋಡುತ್ತ ಬಂದವನು. ಅಲ್ಲಿ ಅಂದವಾದ ಥರ್ಮೋಕೋಲ್ ಮನೆಗಳು, ಅವುಗಳ ಮೇಲೆ ಅಂಗಡಿಯಿಂದ ತಂದು ಅಂಟಿಸಿದ ಪುಟ್ಟ ಫಲಕಗಳು, ಗಿರಗಿರನೆ ತಿರುಗುವ ಪುಟ್ಟ ಪಂಖಗಳು ಇರುತ್ತವೆ; ಬಾಯಿಪಾಠ ಮಾಡಿದ ವಿವರಣೆಯೂ ಇರುತ್ತದೆ. ಅವನ್ನು ಮಾಡಿದ ಮಕ್ಕಳ ಶ್ರದ್ಧೆ ದೊಡ್ಡದು. ಆದರೂ “ಮಗೂ, ನಿನ್ನೆ ಮಧ್ಯಾಹ್ನ ಮೋಡ ಕವಿದಾಗ ಇದು ಎಷ್ಟು ಕೊಟ್ಟಿತು?” ಎಂದು ಕೇಳಿದರೆ ಉತ್ತರ ಕೊಡಬಲ್ಲ ಮಗು ಅಪರೂಪ. ಅಕ್ಕಿ ಅರೆಬೆಂದ ಒಲೆಯೊಂದನ್ನು ತಾನೇ ಮಾಡಿ, ಅದೇಕೆ ಅರೆಬೆಂದಿತೆಂಬುದನ್ನು ಉಷ್ಣಮಾಪಕದ ಅಂಕಿಗಳಿಂದ ತೋರಿಸಬಲ್ಲ ಹುಡುಗಿಗೆ ಮೊದಲ ಬಹುಮಾನ ಸಲ್ಲತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಆಧಾರ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ವೆಂಬ ಗ್ರಾಮತಂತ್ರಜ್ಞಾನ ಕೇಂದ್ರವನ್ನು ಸ್ಥಾಪಿಸಿದಾಗ, ಆ ವಿಜ್ಞಾನಿಗಳು ಯಾವ ಯಂತ್ರವನ್ನೂ ಹಳ್ಳಿಗೆ ಹೊತ್ತುಕೊಂಡು ಹೋಗುವ ಮುನ್ನ, ಕುಣಿಗಲ್ ತಾಲ್ಲೂಕಿನ ಉಂಗ್ರದ ಆಸುಪಾಸಿನ ಹಳ್ಳಿಗಳಲ್ಲಿ ಯಾವ ಮನೆ ಎಷ್ಟು ಸೌದೆ ಉರಿಸುತ್ತದೆ, ಅದನ್ನು ಹೊತ್ತು ತರುವವರು ಯಾರು, ಎಷ್ಟು ಹೊತ್ತು ನಡೆದು ತರುತ್ತಾರೆ ಎಂಬುದನ್ನು ಅಳೆದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಅಡಿಗೆಯ ಒಲೆಗೇ ಹೋಗುವುದೆಂದೂ, ಅದರ ಹೊರೆ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆಯೇ ಇರುವುದೆಂದೂ ಆ ಅಳತೆಯಿಂದ ಖಚಿತವಾಯಿತು. ಅವರು ರೂಪಿಸಿದ ಅಸ್ತ್ರ ಒಲೆ ಆಮೇಲೆ ಬಂತು. ಅಳತೆ ಮೊದಲು, ಉಪಕರಣ ಆಮೇಲೆ ಎಂಬ ಈ ಕ್ರಮವನ್ನು ಶಾಲೆಗಳೂ ಅನುಸರಿಸಬೇಕು.

ಹಾಗಾದರೆ ಮೊದಲು ಅಳೆಯತಕ್ಕದ್ದು ಯಾವುದು? ನೆರಳನ್ನು. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲನ್ನು ತೂಗುಗುಂಡಿನ ಸಹಾಯದಿಂದ ಲಂಬವಾಗಿ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿದರೆ, ಅತ್ಯಂತ ಗಿಡ್ಡವಾದ ನೆರಳು ಹನ್ನೆರಡು ಗಂಟೆಗೆ ಬೀಳುವುದಿಲ್ಲವೆಂಬುದನ್ನು ಮಕ್ಕಳು ಕಾಣುವರು. ನಮ್ಮ ಗಡಿಯಾರ ಅನುಸರಿಸುವುದು 82.5 ಡಿಗ್ರಿ ರೇಖಾಂಶದ ಕಾಲವನ್ನು. ನಾವಿರುವುದು ಅದಕ್ಕಿಂತ ಏಳು ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಿಜವಾದ ಮಧ್ಯಾಹ್ನ ಸುಮಾರು ಅರ್ಧ ಗಂಟೆ ತಡ. ಅದೂ ವರ್ಷವಿಡೀ ಒಂದೇ ಸಮನಾಗಿರದು: ನವೆಂಬರಿನ ಆರಂಭದಲ್ಲಿ 12 ಗಂಟೆ 13 ನಿಮಿಷದ ಸುಮಾರಿಗೂ ಫೆಬ್ರವರಿಯ ನಡುವೆ 12 ಗಂಟೆ 43 ನಿಮಿಷದ ಸುಮಾರಿಗೂ ಸೂರ್ಯನು ನೆತ್ತಿಯ ರೇಖೆಯನ್ನು ದಾಟುವನು. ಆನಂದಪುರದ ಅಕ್ಷಾಂಶ ಸುಮಾರು 14 ಡಿಗ್ರಿ. ಆದಕಾರಣ ಏಪ್ರಿಲಿನ ಕಡೆಯ ವಾರದಲ್ಲಿ ಒಮ್ಮೆ, ಆಗಸ್ಟಿನ ನಡುವೆ ಒಮ್ಮೆ ಕೋಲಿನ ನೆರಳು ಮಧ್ಯಾಹ್ನದಲ್ಲಿ ಅದರ ಬುಡದಲ್ಲಿಯೇ ಅಡಗಿಹೋಗುವುದು. ಏಪ್ರಿಲಿನಲ್ಲಿ ಅದನ್ನು ಕಣ್ಣಾರೆ ಕಾಣಬಹುದು; ಆಗಸ್ಟಿನಲ್ಲಿ ಮೋಡ ಸರಿದರೆ ಪುಣ್ಯ. ಈ ಎರಡು ದಿನಗಳ ನಡುವಿನ ಕಾಲದಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುವುದೆಂಬುದನ್ನು ಎಪ್ಪತ್ತು ವರ್ಷ ಇಲ್ಲಿಯೇ ಬಾಳಿದವರೂ ಎಷ್ಟೋ ಮಂದಿ ಗಮನಿಸಿರಲಾರರು. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ, ಅಕ್ಷಾಂಶದಷ್ಟು ಬಾಗಿಸಿ ನಿಲ್ಲಿಸಬೇಕೆಂದು ಪುಸ್ತಕ ಹೇಳುವ ವಿಧಿಯ ಕಾರಣ ಈ ಕೋಲಿನ ನೆರಳಿನಲ್ಲಿದೆ. ಇದಕ್ಕೆ ತಗಲುವ ವೆಚ್ಚ ಸೊನ್ನೆ.

ಎರಡನೆಯ ಪ್ರಯೋಗ ಶಾಖದ್ದು. ಇಪ್ಪತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲವಿರುವ, ತಳಕ್ಕೆ ಕಪ್ಪು ಬಣ್ಣ ಬಳಿದ ತಗಡಿನ ತಟ್ಟೆಯೊಂದರಲ್ಲಿ ಅರ್ಧ ಲೀಟರ್ ನೀರನ್ನು ಹಾಕಿ, ನಿರ್ಮಲವಾದ ಆಕಾಶವಿರುವ ದಿನ ನಡುಬಿಸಿಲಿನಲ್ಲಿ ಹತ್ತು ನಿಮಿಷ ಇಟ್ಟು, ಮೊದಲಿನ ಮತ್ತು ಕೊನೆಯ ತಾಪವನ್ನು ಬರೆದುಕೊಳ್ಳಬೇಕು. ನೇರವಾಗಿ ಬೀಳುವ ಬಿಸಿಲು ಚದರ ಮೀಟರಿಗೆ ಸುಮಾರು ಒಂದು ಸಾವಿರ ವ್ಯಾಟ್ ಎಂದು ಹಿಡಿದರೆ, ನಮ್ಮ ತಟ್ಟೆಗೆ ಸಿಕ್ಕುವುದು ನಲವತ್ತು ವ್ಯಾಟ್. ಹತ್ತು ನಿಮಿಷಕ್ಕೆ 24,000 ಜೂಲ್. ಅರ್ಧ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 2,100 ಜೂಲ್ ಸಾಕು. ಲೆಕ್ಕದ ಪ್ರಕಾರ ನೀರು ಹನ್ನೊಂದು ಡಿಗ್ರಿಗೂ ಮೇಲೆ ಬಿಸಿಯಾಗಬೇಕು. ಆಗಿರುವುದಿಲ್ಲ. ಉಳಿದುದೆಲ್ಲಿ ಹೋಯಿತು? ಈ ಪ್ರಶ್ನೆಯನ್ನು ಉಪಾಧ್ಯಾಯರು ತಾವೇ ಉತ್ತರಿಸದೆ, ಮಕ್ಕಳ ಮುಂದಿಟ್ಟು ಸುಮ್ಮನಿರುವ ಸಹನೆಯನ್ನು ತೋರಬೇಕೆಂದು ನನ್ನ ಬಿನ್ನಹ. ಗಾಳಿ ಒಯ್ದಿತೆಂದು ಒಬ್ಬನು ಹೇಳಿಯಾನು. ಆಗ ತಟ್ಟೆಯ ಮೇಲೊಂದು ಗಾಜು ಮುಚ್ಚಿ ನೋಡಲಿ. ಕೆಳಗಿನ ಕಲ್ಲು ಹೀರಿತೆಂದು ಇನ್ನೊಬ್ಬಳು ಹೇಳಿಯಾಳು. ಆಗ ತಟ್ಟೆಯ ಕೆಳಗೆ ಭತ್ತದ ಹೊಟ್ಟನ್ನೋ ಒಣಗಿದ ಅಡಿಕೆ ಸಿಪ್ಪೆಯನ್ನೋ ಹಾಸಿ ನೋಡಲಿ. ಆವಿಯಾಗಿ ಹೋಯಿತೆಂದು ಮತ್ತೊಬ್ಬರು ನೀರನ್ನು ತೂಗಿ ನೋಡಲಿ. ಒಂದೊಂದು ಊಹೆಗೆ ಒಂದೊಂದು ಪರೀಕ್ಷೆ. ಒಂದೊಂದು ಪರೀಕ್ಷೆಗೆ ಒಂದೊಂದು ಅಂಕಿ. ಹೀಗೆ ಗಾಜು, ಹೊಟ್ಟು, ಕಪ್ಪು ಬಣ್ಣ, ಬಿಗಿಯಾದ ಮುಚ್ಚಳ, ಇವೆಲ್ಲ ಒಂದರ ಹಿಂದೊಂದು ಸೇರಿಕೊಂಡು ಹೋದಂತೆ, ಯಾರೂ ಚಿತ್ರ ತೋರಿಸದೆಯೇ, ಸೊಸ್ಯೂರನ ಪೆಟ್ಟಿಗೆ ಆನಂದಪುರದ ಅಂಗಳದಲ್ಲಿ ತಾನಾಗಿ ರೂಪುಗೊಳ್ಳುವುದು. ಅದಕ್ಕೊಂದು ಕನ್ನಡಿಯ ಹಲಗೆಯನ್ನು ಸೇರಿಸಿ, ನೆನೆಸಿದ ಅಕ್ಕಿಯನ್ನಿಟ್ಟರೆ ಫೆಬ್ರವರಿ ಮಾರ್ಚ್ ತಿಂಗಳುಗಳ ಬಿಸಿಲಿಗೆ ಅನ್ನವೂ ಆಗುವುದು.

ಇನ್ನು ವಿದ್ಯುತ್ತಿನ ವಿಷಯ. ಮೂರು ವ್ಯಾಟಿನ ಒಂದು ಫಲಕ, ಒಂದು ಮಲ್ಟಿಮೀಟರ್, ನಾಲ್ಕು ತುಂಡು ತಂತಿ, ಒಂದು ಎಲ್‌ಇಡಿ ದೀಪ: ಎಲ್ಲ ಸೇರಿ ಬೆಲೆ ನೂರುಗಳಲ್ಲಿಯೇ ಮುಗಿಯುವಂಥದು. ಆದರೆ ಇವುಗಳಿಂದ ಕಲಿಯಬಹುದಾದದ್ದು ಅಪಾರ. ಮಳೆಗಾಲದ ಮಂಕು ಬೆಳಕಿನಲ್ಲಿ ಫಲಕವನ್ನು ಅಂಗಳಕ್ಕೆ ತಂದು ಅದರ ವೋಲ್ಟನ್ನು ಅಳೆಯಿರಿ. ಬಿಸಿಲಿನಲ್ಲಿ ಇದ್ದುದಕ್ಕಿಂತ ಸ್ವಲ್ಪವೇ ಕಡಿಮೆಯಾದ ಅಂಕಿಯನ್ನು ಮೀಟರು ತೋರಿಸುವುದು. ‘ಫಲಕ ಚೆನ್ನಾಗಿಯೇ ಕೆಲಸ ಮಾಡುತ್ತಿದೆ’ ಎಂದು ಮಕ್ಕಳು ಹಿಗ್ಗುವರು. ಅದಕ್ಕೆ ದೀಪವನ್ನು ಜೋಡಿಸಿದೊಡನೆ ದೀಪ ಮಿಣುಕಿ ಸೋಲುವುದು. ಮೀಟರನ್ನು ವಿದ್ಯುತ್ಪ್ರವಾಹದ ಸ್ಥಾನಕ್ಕೆ ತಿರುಗಿಸಿ ಮತ್ತೆ ಅಳೆದಾಗಲೇ ಗುಟ್ಟು ಬಯಲಾಗುವುದು: ವೋಲ್ಟು ಬೆಳಕಿನೊಡನೆ ಬಹಳ ನಿಧಾನವಾಗಿ ಬದಲಾಗುವುದು, ಪ್ರವಾಹವಾದರೋ ಬೆಳಕು ಎಷ್ಟೋ ಅಷ್ಟು, ಬೆಳಕು ಹತ್ತರಲ್ಲೊಂದಾದರೆ ಪ್ರವಾಹವೂ ಹತ್ತರಲ್ಲೊಂದು. ಶಕ್ತಿಯೆಂಬುದು ಇವೆರಡರ ಗುಣಲಬ್ಧ. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ಸೂತ್ರ, ಮೋಡದ ಕೆಳಗೆ ದೀಪ ಸೋತುದನ್ನು ಕಂಡ ಮಗುವಿಗೆ ಆಯುಷ್ಯಪರ್ಯಂತ ಮರೆಯದು.

ಅದೇ ಫಲಕದ ಒಂದು ಮೂಲೆಯ ಮೇಲೆ ಅಂಗೈಯನ್ನಿಟ್ಟು ಪ್ರವಾಹವನ್ನು ಅಳೆದರೆ ಮತ್ತೊಂದು ವಿಸ್ಮಯ. ಮುಚ್ಚಿದ್ದು ಒಂದೇ ಕೋಶ. ಕುಸಿದುದು ಇಡೀ ಫಲಕದ ಪ್ರವಾಹ. ಒಂದೊಂದು ಸಿಲಿಕಾನ್ ಕೋಶ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ತುಂಬಲು ಸಾಮಾನ್ಯವಾಗಿ ಮೂವತ್ತಾರು ಕೋಶಗಳನ್ನು ಸಾಲಾಗಿ ಜೋಡಿಸುವರು. ಸಾಲಿನಲ್ಲಿ ಒಂದು ಕೋಶ ಕತ್ತಲಾದರೆ ಉಳಿದವುಗಳ ಹಾದಿಗೂ ಅದು ತಡೆಯಾಗುವುದು. ದೊಡ್ಡ ಫಲಕಗಳಲ್ಲಿ ಇದಕ್ಕೆ ಡಯೋಡುಗಳೆಂಬ ಬಳಸುದಾರಿಗಳನ್ನು ಇಟ್ಟಿರುತ್ತಾರೆ. ಆದರೂ ನಷ್ಟ ನಷ್ಟವೇ. ಬಯಲುಸೀಮೆಯವರಿಗೆ ಇದು ಸಣ್ಣ ವಿಷಯವಾಗಿರಬಹುದು. ಮನೆಯ ಮುಂದೆಯೇ ತೋಟ, ಹಿಂದೆಯೇ ಗುಡ್ಡ, ಮಾಡಿನ ಮೇಲೆ ಹಲಸಿನ ಕೊಂಬೆ ಇರುವ ನಮಗೆ ಇದು ಮುಖ್ಯ. ಒಂದೇ ಅಡಿಕೆ ಮರದ ಸಪೂರವಾದ ನೆರಳು ಬೆಳಗಿನ ಹೊತ್ತು ಫಲಕದ ಮೇಲೆ ಹಾದುಹೋಗುವಾಗ ಪ್ರವಾಹ ಎಷ್ಟು ಇಳಿಯಿತು, ಎಷ್ಟು ಹೊತ್ತು ಇಳಿದೇ ಇತ್ತು ಎಂಬುದನ್ನು ಮನೆಮನೆಯಲ್ಲಿ ಅಳೆದು ತಂದರೆ, ಅದು ಮಕ್ಕಳ ಕೆಲಸವಾಗಿಯಷ್ಟೇ ಉಳಿಯದೆ ಊರಿಗೆ ಬೇಕಾದ ಮಾಹಿತಿಯಾಗುವುದು. ಮಂಗಗಳು ಮಾಡಿನ ಮೇಲೆ ಕುಣಿಯುವ ಊರುಗಳಲ್ಲಿ ಫಲಕವನ್ನು ಎಲ್ಲಿ, ಹೇಗೆ ಭದ್ರಪಡಿಸಬೇಕೆಂಬುದೂ ಪುಸ್ತಕಗಳಲ್ಲಿ ಸಿಕ್ಕುವ ಪಾಠವಲ್ಲ.

ಬಿಸಿಲು ಹೆಚ್ಚಿದಷ್ಟೂ ಫಲಕಕ್ಕೆ ಒಳಿತೆಂಬ ಭಾವನೆಯೂ ಸಾಮಾನ್ಯ. ಬೆಳಕು ಹೆಚ್ಚಿದರೆ ಒಳಿತು, ಕಾವು ಹೆಚ್ಚಿದರೆ ಕೆಡುಕು. ಇಪ್ಪತ್ತೈದು ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೆ ಫಲಕದ ಸಾಮರ್ಥ್ಯ ನೂರಕ್ಕೆ ಸುಮಾರು 0.4ರಷ್ಟು ಇಳಿಯುವುದು. ಏಪ್ರಿಲಿನ ಮಧ್ಯಾಹ್ನ ಕಾದ ಫಲಕದ ವೋಲ್ಟನ್ನು ಅಳೆದು, ಅದರ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತಂಪುಮಾಡಿ ಮತ್ತೆ ಅಳೆದರೆ ಅಂಕಿ ಮೇಲೇರುವುದನ್ನು ಕಾಣಬಹುದು. ತಣ್ಣೀರನ್ನು ಸುರಿಯಬಾರದು, ಗಾಜು ಬಿರಿಯುವ ಸಂಭವವುಂಟು.

ಈ ಅಳತೆಗಳೆಲ್ಲ ಕೂಡಿಬರುವುದು ದೀಪದಲ್ಲಿ. 1995ರಲ್ಲಿ ಹರೀಶ್ ಹಂದೆಯವರು ಇತರರೊಡನೆ ಕೂಡಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆ, ಬಡವರ ಮನೆಗೆ ಸೌರದೀಪವನ್ನು ಬ್ಯಾಂಕಿನ ಸಾಲದ ಮೂಲಕ ಒದಗಿಸಿದುದೂ, ಆ ಕಾರ್ಯಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದುದೂ ನಿಮಗೆ ಗೊತ್ತಿರುವ ಸಂಗತಿ. ಅವರ ಯೋಜನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಶಾಲೆಗಳಿಗೆ ಸಂಬಂಧಿಸಿದುದು: ಫಲಕವನ್ನು ಶಾಲೆಯ ಮಾಡಿನ ಮೇಲೆ ಇಟ್ಟು, ದೀಪವನ್ನೂ ಪುಟ್ಟ ಬ್ಯಾಟರಿಯನ್ನೂ ಮಗುವಿನ ಕೈಗೆ ಕೊಡುವುದು, ಮಗು ಬ್ಯಾಟರಿಯನ್ನು ಬುತ್ತಿಯಂತೆ ಶಾಲೆಗೆ ತಂದು, ಪಾಠ ನಡೆಯುವ ಹೊತ್ತಿನಲ್ಲಿ ಅದನ್ನು ತುಂಬಿಸಿಕೊಂಡು, ಸಂಜೆ ಮನೆಗೆ ಬೆಳಕನ್ನು ಹೊತ್ತೊಯ್ಯುವುದು. ಮನೆಯೊಂದು ಮೂಲೆಗೆ, ಮನೆಯೊಂದು ಗುಡ್ಡಕ್ಕೆ ಚದುರಿರುವ ಮಲೆನಾಡಿಗೆ ಇದಕ್ಕಿಂತ ಒಪ್ಪುವ ಏರ್ಪಾಡನ್ನು ನಾನು ಕಂಡಿಲ್ಲ. ದೀಪವನ್ನು ಮಕ್ಕಳೇ ಜೋಡಿಸಬಲ್ಲರೆಂಬುದಕ್ಕೂ ನಿದರ್ಶನವುಂಟು; ಆಗ ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚೇತನ್ ಸಿಂಗ್ ಸೋಲಂಕಿಯವರ ಪ್ರೇರಣೆಯಿಂದ 2019ರ ಗಾಂಧೀಜಯಂತಿಯಂದು ದೇಶವಿದೇಶಗಳ ಅಸಂಖ್ಯ ವಿದ್ಯಾರ್ಥಿಗಳು ತಮ್ಮ ಓದಿನ ದೀಪವನ್ನು ತಾವೇ ಕೂಡಿಸಿ ಬೆಳಗಿಸಿದರು.

ಆದರೆ ಜೋಡಿಸುವುದಕ್ಕೆ ಮುಂಚೆ ಲೆಕ್ಕ. ಒಂದು ವ್ಯಾಟಿನ ದೀಪ ದಿನಕ್ಕೆ ನಾಲ್ಕು ಗಂಟೆ ಉರಿದರೆ ಬೇಕಾಗುವುದು ನಾಲ್ಕು ವ್ಯಾಟ್-ಗಂಟೆ. ಮಾರ್ಚಿನಲ್ಲಿ ಮೂರು ವ್ಯಾಟಿನ ಫಲಕಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಸಿಕ್ಕಿತೆಂದರೆ ಹದಿನೈದು. ತಂತಿ ಬ್ಯಾಟರಿಗಳಲ್ಲಿ ಕಳೆಯುವುದನ್ನು ಕಳೆದರೂ ಧಾರಾಳ. ಜುಲೈಯಲ್ಲಿ ದಿನವಿಡೀ ಬಿದ್ದ ಮಂಕು ಬೆಳಕೆಲ್ಲ ಸೇರಿ ಒಂದು ಗಂಟೆಯ ಪೂರ್ಣ ಬಿಸಿಲಿಗೆ ಮಾತ್ರ ಸಮನಾಯಿತೆನ್ನಿ. ಆಗ ಸಿಕ್ಕುವುದು ಮೂರೇ ವ್ಯಾಟ್-ಗಂಟೆ. ದೀಪ ಬೇಗ ಆರುವುದು. ಅದೂ ಮರ ಬಿದ್ದು ತಂತಿ ಹರಿದು, ದೀಪ ನಿಜವಾಗಿ ಬೇಕಾದ ರಾತ್ರಿಯಲ್ಲಿಯೇ. ಮಲೆನಾಡಿನ ವಿದ್ಯಾರ್ಥಿ ತನ್ನ ದೀಪವನ್ನು ಆಷಾಢಕ್ಕೆ ಲೆಕ್ಕ ಹಾಕಬೇಕು: ಫಲಕ ದೊಡ್ಡದಾಗಬೇಕೋ, ಬ್ಯಾಟರಿ ಎರಡು ದಿನ ತಾಳುವಂಥದಾಗಬೇಕೋ, ಅಥವಾ ದೀಪವನ್ನೇ ಅರ್ಧ ವ್ಯಾಟಿಗೆ ಇಳಿಸಿ ಪುಸ್ತಕದ ಸಮೀಪಕ್ಕೆ ತರಬೇಕೋ ಎಂಬುದನ್ನು ಆಷಾಢದ ಅಂಕಿಗಳೇ ಹೇಳಬೇಕು. ಆ ಅಂಕಿಗಳನ್ನು ಅಳೆಯುವವರು ಬೇಕು. ಆ ತಿಂಗಳುಗಳಲ್ಲಿ ಸೌರಪ್ರಯೋಗಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯನ್ನು ನಾವು ಬಿಡಬೇಕು. ನಮಗೆ ಅತ್ಯಮೂಲ್ಯವಾದ ಅಳತೆ ಮಳೆಗಾಲದ್ದೇ.

ವಿದ್ಯುತ್ತನ್ನು ಬಿಟ್ಟು ಬಿಸಿಲಿನ ಇನ್ನೊಂದು ಉಪಯೋಗಕ್ಕೆ ಬರುವೆನು. ಒಣಗಿಸುವುದು ಮಲೆನಾಡಿನ ಆರ್ಥಿಕ ಜೀವನದ ನಡುಗಂಬ. ಕೊನೆ ಇಳಿಸಿ, ಅಡಿಕೆ ಸುಲಿದು, ಬೇಯಿಸಿ, ಅಟ್ಟದ ಮೇಲೆ ಹರವಿದ ಮೇಲೆ, ಅಕಾಲದಲ್ಲಿ ಒಂದು ಮೋಡ ಕಂಡರೂ ಇಡೀ ಮನೆಯ ಮುಖ ಬಾಡುವುದು. ಬೂಷ್ಟು ಹಿಡಿದ ಅಡಿಕೆಗೆ ಮಂಡಿಯಲ್ಲಿ ಸಿಗುವ ಬೆಲೆ ಎಲ್ಲರಿಗೂ ಗೊತ್ತು. ಇತ್ತೀಚಿನ ವರ್ಷಗಳಲ್ಲಿ ಪಾರದರ್ಶಕ ಹಾಳೆಯನ್ನು ಕಮಾನಿನ ಮೇಲೆ ಹೊದಿಸಿದ ಸೋಲಾರ್ ಡ್ರೈಯರುಗಳನ್ನು ರೈತರು ಹಾಕಿಸಿಕೊಳ್ಳುತ್ತಿದ್ದಾರೆ. ಇದರ ಮರಿಯನ್ನು ಶಾಲೆಯಲ್ಲಿ ಬಿದಿರಿನ ದಬ್ಬೆಗಳಿಂದ ಮಾಡಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಹಲಸಿನ ಹಪ್ಪಳಗಳನ್ನು ತಂದು, ಅರ್ಧವನ್ನು ಎಂದಿನಂತೆ ಚಾಪೆಯ ಮೇಲೆ, ಅರ್ಧವನ್ನು ಈ ಪುಟ್ಟ ಗೂಡಿನೊಳಗೆ ಇಟ್ಟು, ಮಕ್ಕಳು ಗಂಟೆಗೊಮ್ಮೆ ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆಯುತ್ತ ಹೋಗಲಿ. ಗೂಡಿಗೆ ಗಾಳಿ ಹೋಗಲು ಕೆಳಗೊಂದು ಕಿಂಡಿ, ಹೊರಬರಲು ಮೇಲೊಂದು ಕಿಂಡಿ ಇಲ್ಲದಿದ್ದರೆ ಏನಾಗುವುದೆಂಬುದನ್ನೂ ಬೇಕೆಂದೇ ಮಾಡಿ ನೋಡಬೇಕು: ಒಳಗಿನ ಕಾವು ಏರಿಯೇ ಏರುವುದು, ಆದರೆ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿ, ಅವು ಮತ್ತೆ ಹಪ್ಪಳದ ಮೇಲೆಯೇ ಉದುರಿ, ಚಾಪೆಯ ಮೇಲಿನದು ಗರಿಗರಿಯಾದರೂ ಗೂಡಿನದು ಹಸಿಯಾಗಿಯೇ ಉಳಿಯುವುದು. ಒಣಗಿಸುವುದು ಕಾವೊಂದೇ ಅಲ್ಲ, ತೇವವನ್ನು ಹೊತ್ತೊಯ್ಯುವ ಒಣಗಾಳಿಯೂ ಬೇಕೆಂಬ ತತ್ತ್ವ ಇಲ್ಲಿ ಕಣ್ಣಿಗೆ ಕಾಣುವುದು. ಈ ಪ್ರಯೋಗಕ್ಕೆ ಮನೆಯ ಅಜ್ಜಿಯಂದಿರನ್ನು ಶಾಲೆಗೆ ಕರೆಯಬೇಕೆಂದು ನನ್ನ ಆಸೆ. ಹಪ್ಪಳವನ್ನು ಯಾವ ಹೊತ್ತಿನಲ್ಲಿ ಮಗುಚಬೇಕು, ಯಾವ ಗಾಳಿಗೆ ಅದು ಬಿರಿಯುವುದು ಎಂಬುದನ್ನು ಕೈಯ ಸ್ಪರ್ಶದಿಂದಲೇ ಅರಿತವರು ಅವರು. ಅವರ ಅರಿವಿನ ಪಕ್ಕದಲ್ಲಿ ತಕ್ಕಡಿಯ ಅಂಕಿಗಳನ್ನಿಟ್ಟು ನೋಡಿದಾಗ ಎರಡಕ್ಕೂ ಗೌರವ ಹೆಚ್ಚುವುದು.

ಎಚ್ಚರಿಕೆಯ ನಾಲ್ಕು ಮಾತುಗಳನ್ನು ಹೇಳದೆ ಮುಂದೆ ಹೋಗಲಾರೆ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಕನ್ನಡಿಯಲ್ಲಾಗಲಿ ದಿಟ್ಟಿಸಬಾರದು. ಬ್ಯಾಟರಿಯ ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಕೂಡಿಸಬಾರದು. ಹಳೆಯ ಬ್ಯಾಟರಿಯನ್ನು ಒಡೆಯದೆ, ಹಳ್ಳಕ್ಕೆ ಎಸೆಯದೆ, ಮಾರಿದ ಅಂಗಡಿಗೇ ಹಿಂತಿರುಗಿಸಬೇಕು. ಸೀಸದ ಬ್ಯಾಟರಿಯಾದರೆ ಅದರೊಳಗಿನ ಸೀಸ ವಿಷ. ತೋಟದ ಸೋಲಾರ್ ಬೇಲಿಯ ಯಂತ್ರವನ್ನು ಮಕ್ಕಳು ಪ್ರಯೋಗದ ವಸ್ತುವನ್ನಾಗಿ ಮಾಡಿಕೊಳ್ಳಲೇಬಾರದು.

ಕೊನೆಯದಾಗಿ ಈ ಸಭೆಯ ಮುಂದೆ ಒಂದು ಸೂಚನೆಯನ್ನಿಡುವೆನು. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ಗುಂಪಾಗಿ ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ಮಂಡಿಸುವ ಸಂಪ್ರದಾಯವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮೂರು ತಾಲ್ಲೂಕುಗಳಿಗೆ ಅಂಥದೊಂದು ಸಹಜವಾದ ವಿಷಯ ಕಾದುಕೊಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಇವು ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿದವು; ಅಲ್ಲಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ಕಡಿಮೆಯಾಗುತ್ತ, ಆನಂದಪುರದ ಹೊತ್ತಿಗೆ ಮಲೆನಾಡು ಬಯಲಿನತ್ತ ಮುಖ ಮಾಡುವುದು. ಮಳೆಯನ್ನು ಅಳೆದಿಟ್ಟ ದಾಖಲೆಗಳು ನಮ್ಮಲ್ಲಿ ಬಹುಕಾಲದಿಂದ ಇವೆ. ಬಿಸಿಲನ್ನು ಅಳೆದಿಡುವ ಕೆಲಸವನ್ನು ನಮ್ಮ ಶಾಲೆಗಳು ಕೈಗೊಳ್ಳಲಿ. ಆಗುಂಬೆಯ ಕಡೆಯದೊಂದು ಶಾಲೆ, ಹೊಸನಗರದ ಕಡೆಯದೊಂದು, ಆನಂದಪುರದ್ದೊಂದು: ಈ ಮೂರೂ ಒಂದೇ ಬಗೆಯ ಪುಟ್ಟ ಫಲಕವನ್ನು ಒಂದೇ ಬಾಗಿನಲ್ಲಿ ನಿಲ್ಲಿಸಿ, ದಿನಕ್ಕೆ ಮೂರು ಸಲ, ಹತ್ತು ಗಂಟೆಗೆ, ಹನ್ನೆರಡೂವರೆಗೆ, ಮೂರು ಗಂಟೆಗೆ, ಅದರ ಪ್ರವಾಹವನ್ನೂ ಆಕಾಶದ ಸ್ಥಿತಿಯನ್ನೂ ಒಂದು ಸಾಲಿನಲ್ಲಿ ಬರೆದಿಟ್ಟರೆ, ವರ್ಷ ತುಂಬುವುದರೊಳಗೆ ಮಲೆನಾಡಿನ ಅಡ್ಡಕ್ಕೆ ಬಿಸಿಲು ಹೇಗೆ ಏರಿಳಿಯುವುದೆಂಬ ಚಿತ್ರ ಸಿದ್ಧವಾಗುವುದು. ದೀಪ ಮಾರುವವರಿಗೆ, ಡ್ರೈಯರು ಕಟ್ಟುವವರಿಗೆ, ಮಾಡಿನ ಮೇಲೆ ಫಲಕ ಹಾಕಿಸಲು ಸಾಲ ಕೊಡುವ ಬ್ಯಾಂಕಿನವರಿಗೆ, ಎಲ್ಲರಿಗೂ ಅದು ಬೇಕಾದ ಚಿತ್ರ. ಹತ್ತನೆಯ ತರಗತಿಯವರು ಶಾಲೆ ಬಿಟ್ಟು ಹೋಗುವಾಗ ಈ ಅಳತೆಯ ಪುಸ್ತಕವನ್ನು ಒಂಬತ್ತನೆಯವರ ಕೈಗೆ ಕೊಟ್ಟು ಹೋಗಬೇಕು. ರಜೆಯ ದಿನಗಳಲ್ಲಿ ಶಾಲೆಯ ಹತ್ತಿರದ ಮನೆಯ ಮಕ್ಕಳು ಆ ಹೊಣೆಯನ್ನು ಹೊರಬೇಕು.

ಈ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಅಂಗಡಿಯಿಂದ ಒಂದೇ ದಿನ ಕೊಂಡ ಫಲಕಗಳೂ ಒಂದೇ ಸಮನಾಗಿ ಕೊಡುವುದಿಲ್ಲ. ಮಲ್ಟಿಮೀಟರುಗಳಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸವಿರುವುದು. ಆದುದರಿಂದ ಮೂರು ಶಾಲೆಗಳ ಮಕ್ಕಳೂ ಮೊದಲು ಒಂದೆಡೆ ಸೇರಿ, ತಮ್ಮ ಮೂರು ಫಲಕಗಳನ್ನು ಒಂದೇ ಅಂಗಳದಲ್ಲಿ ಪಕ್ಕಪಕ್ಕದಲ್ಲಿಟ್ಟು, ಒಂದು ಇಡೀ ದಿನ ಅಳೆದು ತಾಳೆ ನೋಡಿ, ಯಾವುದು ಎಷ್ಟು ಹೆಚ್ಚು, ಯಾವುದು ಎಷ್ಟು ಕಡಿಮೆ ಎಂಬುದನ್ನು ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದುಕೊಂಡ ಮೇಲೆಯೇ ತಮ್ಮ ತಮ್ಮ ಊರಿಗೆ ಒಯ್ಯತಕ್ಕದ್ದು. ಆ ದಿನಕ್ಕೆ ಮೇ ತಿಂಗಳ ಮೊದಲನೆಯ ವಾರ ಅನುಕೂಲ. ಅಡ್ಡಮಳೆ ಬಿದ್ದರೂ ಬೆಳಗಿನ ಹೊತ್ತು ಸಾಮಾನ್ಯವಾಗಿ ನಿರ್ಮಲವಾಗಿರುತ್ತದೆ, ಮತ್ತು ಜೂನಿನ ಮಳೆ ಹಿಡಿಯುವುದರೊಳಗೆ ಮೂರು ಊರುಗಳಲ್ಲಿಯೂ ಫಲಕಗಳನ್ನು ನಿಲ್ಲಿಸಲು ಕಾಲ ಸಿಕ್ಕುವುದು. ಆನಂದಪುರದ ಶಾಲೆಯವರು ಅಂಗಳವನ್ನೂ ಮಧ್ಯಾಹ್ನದ ಊಟವನ್ನೂ ಒದಗಿಸಲು ಒಪ್ಪಿದರೆ, ಉಳಿದ ಎರಡು ಶಾಲೆಗಳ ಉಪಾಧ್ಯಾಯರೊಡನೆ ಮಾತನಾಡುವ ಹೊಣೆ ನನ್ನದು.